ಮುಂದಿನ ಸೀಟಿನ ಸಾರು

ಲೀಲಮ್ಮನ ಕಾರಿನಲ್ಲಿ ಮುಂದಿನ ಎಡಗಡೆಯ ಸೀಟು ಸಾರಿಗೆ ಮೀಸಲು. ಮಗಳು ಬರಲಿ, ಅಳಿಯ ಬರಲಿ, ಭಾನುವಾರವಾದರೆ ಹಿಂದೆ ಹೋಗಿ ಕೂರಬೇಕು. ಹಳೆಯ ಟವಲನ್ನು ಸಿಂಬೆ ಸುತ್ತಿ ಸೀಟಿನ ಮೇಲಿಟ್ಟು, ಅದರ ಮೇಲೆ ತಪ್ಪಲೆ ಕೂರಿಸಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಆಮೇಲೆ ಮಗುವಿಗೆ ಹಾಕಿದ ಹಾಗೆ ಅದಕ್ಕೆ ಸೀಟ್ ಬೆಲ್ಟ್ ಹಾಕುತ್ತಾಳೆ. ದಿಲ್ಲಿಯ ಲಕ್ಷ್ಮೀ ನಗರದ ಅವಳ ಗಲ್ಲಿಯಲ್ಲಿ ತರಕಾರಿ ಗಾಡಿ ನಿಲ್ಲಿಸುವ ಭಯ್ಯಾ ಇದನ್ನು ವಾರವಾರವೂ ನೋಡುತ್ತಾನೆ.

"ಮಾತಾಜಿ, ಇವತ್ತು ಪಕ್ಕದಲ್ಲಿ ಯಾರು ಕೂತಿದ್ದಾರೆ?" ಎಂದು ಹಿಂದಿಯಲ್ಲಿ ಕೇಳುತ್ತಾನೆ.

"ಹುರುಳಿಕಾಳು," ಎನ್ನುತ್ತಾಳೆ ಲೀಲಮ್ಮ, ಕನ್ನಡದಲ್ಲೇ. ಅವನಿಗೆ ಅರ್ಥವಾಗುವುದಿಲ್ಲ. ಆದರೂ ನಗುತ್ತಾನೆ.

ಸಾರು ಹೋಗುವುದು ಓಲ್ಡ್ ರಾಜಿಂದರ್ ನಗರಕ್ಕೆ. ಐಎಎಸ್ ಆಗುವ ದೊಡ್ಡ ಪರೀಕ್ಷೆಗೆ ಓದುತ್ತೇವೆಂದು ನಮ್ಮ ಕಡೆಯಿಂದ ಬಂದ ಮಕ್ಕಳು ಅಲ್ಲಿ ಬೆಂಕಿಪೊಟ್ಟಣದಂಥ ರೂಮುಗಳಲ್ಲಿದ್ದಾರೆ. ಮೂರು ವರ್ಷದ ಹಿಂದೆ ಇಂಚರಾ ಎಂಬ ಹುಡುಗಿಗೆ ಜ್ವರ ಬಂದು ಬಾಯಿ ಕೆಟ್ಟಿದೆ ಎಂದು ಯಾರೋ ಹೇಳಿದರು. ಲೀಲಮ್ಮ ಒಂದು ಡಬ್ಬಿ ಬಸ್ಸಾರು ಒಯ್ದಳು. ಆ ಡಬ್ಬಿಯ ಘಮ ಮೆಟ್ಟಿಲಿಳಿದು ಗಲ್ಲಿಯೆಲ್ಲ ಸುತ್ತಿತೋ ಏನೋ, ಮುಂದಿನ ವಾರ ನಾಲ್ಕು ಜನ, ಅದರ ಮುಂದಿನ ವಾರ ಒಂಬತ್ತು ಜನ, ಈಗ ಇಪ್ಪತ್ತೆರಡು. ಸೊಪ್ಪು, ಕಾಳು ಅವರೇ ಸರದಿಯ ಮೇಲೆ ತಂದುಕೊಡುತ್ತಾರೆ. ಅನ್ನ ರೂಮಿನಲ್ಲೇ ಮಾಡಿಕೊಳ್ಳುತ್ತಾರೆ. ಸಾರು ಮಾತ್ರ ಲೀಲಮ್ಮನ ಕೈಯದೇ ಆಗಬೇಕು.

ಸಾರಿಗಿಂತ ದೊಡ್ಡ ಸಂಗತಿ ಅವಳು ಅದನ್ನು ತಾನೇ ಗಾಡಿ ಓಡಿಸಿಕೊಂಡು ಒಯ್ಯುವುದು. ಕುಣಿಗಲ್ಲಿನಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮದುವೆಯಾಗಿ ದಿಲ್ಲಿಗೆ ಬಂದವಳು. ಗಂಡ ಗೋಪಾಲಪ್ಪನವರು ಮೂವತ್ತೊಂದು ವರ್ಷ ಸರ್ಕಾರಿ ಕಾರಿನ ಡ್ರೈವರ್. ಬೆಂಗಳೂರಿನಿಂದ ಬಂದ ಸಾಹೇಬರನ್ನು ಏರ್‌ಪೋರ್ಟಿನಿಂದ ಚಾಣಕ್ಯಪುರಿಯ ಅತಿಥಿಗೃಹಕ್ಕೆ ತರುವುದು, ಅಲ್ಲಿಂದ ಆಫೀಸು ಆಫೀಸು ಸುತ್ತಿಸುವುದು ಅವರ ಕೆಲಸ. ಅವರಿಗೆ ಒಂದೇ ಒಂದು ಜಂಬ. "ಲೀಲಾ, ನಾನು ಗಾಡಿ ಓಡಿಸುವಾಗ ಹಿಂದೆ ಕೂತವರು ತುಂಬಿದ ಲೋಟದಲ್ಲಿ ಟೀ ಕುಡಿಯಬಹುದು. ಒಂದು ಹನಿ ಪಂಚೆ ಮೇಲೆ ಬಿದ್ದರೆ ಅವತ್ತೇ ಕೀ ವಾಪಸ್ ಕೊಡ್ತೀನಿ." ಹೊಸ ಡ್ರೈವರುಗಳು ಬಂದರೆ ಪಕ್ಕದಲ್ಲಿ ಕೂತು, ಅಂಗೈ ಮೇಲೆ ತುಂಬಿದ ಲೋಟ ಇಟ್ಟುಕೊಂಡು, "ಹೂಂ, ಈಗ ಗೇರ್ ಹಾಕು" ಎನ್ನುತ್ತಿದ್ದರಂತೆ. ಚೆಲ್ಲಿದ ನೀರಿನಲ್ಲೇ ಅವನ ಹಣೆಬರಹ ಓದಿಬಿಡುತ್ತಿದ್ದರಂತೆ.

"ನನಗೂ ಕಲಿಸಿಕೊಡ್ರೀ," ಎಂದು ಲೀಲಮ್ಮ ಕೇಳಿದರೆ, "ಮುಂದಿನ ಜನ್ಮಕ್ಕೆ," ಎನ್ನುತ್ತಿದ್ದರು.

ಅವರು ಹೋಗಿ ನಾಲ್ಕು ವರ್ಷವಾಯಿತು. ವರ್ಷದ ಕಾರ್ಯ ಮುಗಿದ ಮೇಲೆ ಲೀಲಮ್ಮ, ಮುಂದಿನ ಜನ್ಮಕ್ಕೆ ಯಾರು ಕಾಯುತ್ತಾರೆ ಎಂದುಕೊಂಡು ಅರವತ್ತನೇ ವಯಸ್ಸಿಗೆ ಕಲಿಯಲು ಹೊರಟಳು. ಎಡಗಾಲಿನ ಮಂಡಿ ಆಪರೇಷನ್ ಆಗಿತ್ತು, ಕ್ಲಚ್ ತುಳಿಯುವ ಹಾಗಿರಲಿಲ್ಲ. ಅದಕ್ಕೆ ಆಟೋಮ್ಯಾಟಿಕ್ ಗಾಡಿ. ಸೆಕೆಂಡ್ ಹ್ಯಾಂಡಿನದು, ಬೂದಿ ಬಣ್ಣದ್ದು, ಚಿಕ್ಕದು. ಗೇರ್ ಕಡ್ಡಿಯ ಪಕ್ಕದ ಇಂಗ್ಲಿಷ್ ಅಕ್ಷರಗಳನ್ನು ಅವಳು ತನ್ನದೇ ಲೆಕ್ಕದಲ್ಲಿ ಕಲಿತಳು. ಪಿ ಎಂದರೆ ಕೂತ್ಕೋ. ಆರ್ ಎಂದರೆ ಹಿಂದೆ ಸರಿ. ಎನ್ ಎಂದರೆ ಸುಮ್ಮನಿರು. ಡಿ ಎಂದರೆ ಹೊರಡು. ಮಗಳು ಹಂಸಿನಿ ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯಲ್ಲೇ, ಈಗ ನೊಯ್ಡಾದಲ್ಲಿ ಮನೆ, ಆಫೀಸು. ಮೊದಲ ಸಲ ಅಮ್ಮನ ಪಕ್ಕ ಕೂತಾಗ ಇಡೀ ದಾರಿ ಬಾಗಿಲ ಹಿಡಿಯನ್ನು ಬಿಟ್ಟಿರಲಿಲ್ಲ.

ಎರಡು ವರ್ಷ ಗಾಡಿ ಹಸುವಿನ ಹಾಗಿತ್ತು. ಈ ಸಲದ ಚಳಿಗಾಲ ಶುರುವಾದಾಗ ಒದೆಯಲು ಕಲಿತಿತು.

ಮನೆ ಬಿಡುವಾಗ ಏನೂ ಇಲ್ಲ. ಯಮುನೆ ದಾಟುವಾಗಲೂ ಏನಿಲ್ಲ. ಊರೆಲ್ಲ ದಾಟಿ, ಗಾಡಿ ಚೆನ್ನಾಗಿ ಬಿಸಿಯಾಗಿ, ರಿಡ್ಜ್ ಕಾಡಿನ ನಡುವೆ ಶಂಕರ್ ರೋಡು ಏರುತ್ತದಲ್ಲ, ಅಲ್ಲಿ ಬಂದಾಗ ಎಂಜಿನ್ನು ಊಳಿಡುತ್ತಿತ್ತು, ಚಕ್ರಕ್ಕೆ ಅದು ಕೇಳಿಸುತ್ತಲೇ ಇರಲಿಲ್ಲ. ಒಂದು ಕ್ಷಣ ಗಾಳಿಯಲ್ಲಿ ತೇಲಿದ ಹಾಗೆ. ಆಮೇಲೆ ಧಡ್ ಎಂದು ಒಂದು ಒದೆ! ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಮಗುವಾಗಿದ್ದಾಗ ನೋಡಿದ ಕಂದು ಕುದುರೆ ಲೀಲಮ್ಮನಿಗೆ ನೆನಪಾಯಿತು. ಅದೂ ಹೀಗೆಯೇ, ಯೋಚನೆ ಮಾಡಿ ಒದೆಯುತ್ತಿತ್ತು. ಮುಚ್ಚಳದ ಬಟ್ಟೆ ಮೇಲೆ ಸಾರಿನ ಮೊದಲ ಕಲೆ ಮೂಡಿದ್ದು ಆವತ್ತು.

ಮನೆಯ ಹತ್ತಿರ, ಮೆಟ್ರೋ ಕಂಬಗಳ ಆಚೆ ಸಂದೀಪ್ ಎಂಬವನ ಗ್ಯಾರೇಜು. ಗ್ಯಾರೇಜು ಎಂದರೆ ಅವನಿಗೆ ಕೋಪ, ಸರ್ವಿಸ್ ಸೆಂಟರ್ ಎನ್ನಬೇಕು. ಗಾಜಿನ ರೂಮು, ಸೋಫಾ, ಕಾಫಿ ಮಶೀನು. ಗಾಜಿನಾಚೆ ಗಾಡಿಗಳು. ಗಿರಾಕಿಗಳು ಆ ಕಡೆ ಹೋಗಬಾರದು ಎಂದು ಬೋರ್ಡು. ಸಂದೀಪ್ ಯಾವಾಗಲೂ ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಸ್ಲೇಟಿನಂಥ ಕಂಪ್ಯೂಟರ್ ಹಿಡಿದಿರುತ್ತಿದ್ದ. ಮಸಿ ಮುಟ್ಟದ ಮೆಕ್ಯಾನಿಕ್ಕನ್ನು ಲೀಲಮ್ಮ ನೋಡಿದ್ದು ಅದೇ ಮೊದಲು.

ಒಂದು ಹಗಲು ಗಾಡಿ ಇಟ್ಟುಕೊಂಡು ಸಂಜೆ ಕೊಟ್ಟ. "ಆಂಟೀಜಿ, ಗೇರ್ ಬಾಕ್ಸಿನ ಎಣ್ಣೆ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ. ಈಗ ಏಕದಮ್ ಮಖ್ಖನ್!"

ಭಾನುವಾರ ಆ ಬೆಣ್ಣೆ ಶಂಕರ್ ರೋಡಿನಲ್ಲಿ ಮೊದಲಿಗಿಂತ ಜೋರಾಗಿ ಒದೆಯಿತು.

ಎರಡನೇ ಸಲ ಹೋದಾಗ, ಗಾಡಿ ಹೊಸ ಎಣ್ಣೆಗೆ ಹೊಂದಿಕೊಳ್ಳಬೇಕು, ನಿಮ್ಮ ಕಾಲಿನ ಅಭ್ಯಾಸ ಅದು ಕಲಿಯಬೇಕು, ಐನೂರು ಕಿಲೋಮೀಟರ್ ಓಡಿಸಿ ಎಂದ. "ನಾನು ಕಲಿತಾಯ್ತಲ್ಲಪ್ಪ, ಈಗ ಅದೂ ಕಲೀಬೇಕಾ?" ಎಂದಳು ಲೀಲಮ್ಮ ತನ್ನ ಹಿಂದಿಯಲ್ಲಿ. ಮೂರನೇ ಸಲ ಅವನೇ ಗಾಡಿ ಹತ್ತಿ, ಬೆಳಿಗ್ಗೆಯ ಮಂಜಿನಲ್ಲಿ, ಇನ್ನೂ ಬಿಸಿಯೇ ಆಗದ ಎಂಜಿನ್ನಿನಲ್ಲಿ, ಸಪಾಟು ಗಲ್ಲಿಯಲ್ಲಿ ಐದು ನಿಮಿಷ ಸುತ್ತಿ ಬಂದ. ಇಳಿದು, ಮೆಲ್ಲಗೆ, ಮುದುಕಿಗೆ ಬೇಜಾರಾಗಬಾರದು ಎನ್ನುವ ಹಾಗೆ ಹೇಳಿದ. "ಗಾಡಿಯಲ್ಲಿ ಏನೂ ಇಲ್ಲ ಆಂಟೀಜಿ. ವಯಸ್ಸಾದವರು ಒಂದೊಂದು ಸಲ ಎರಡೂ ಕಾಲು ಇಡ್ತಾರೆ. ಒಂದು ಬ್ರೇಕಿನ ಮೇಲೆ, ಒಂದು ಆಕ್ಸಿಲೇಟರಿನ ಮೇಲೆ."

ಲೀಲಮ್ಮ ಮನೆಗೆ ಬಂದು, ಎರಡು ದಿನ, ಗಾಡಿ ಓಡಿಸುವಾಗ ಎಡಗಾಲನ್ನು ಸೀಟಿನ ಕೆಳಗೆ ಮಡಚಿ ಇಟ್ಟುಕೊಂಡು ನೋಡಿದಳು. ಅವನು ಹೇಳಿದ್ದು ನಿಜವಿದ್ದರೆ? ಅನುಮಾನ ಎನ್ನುವುದು ಅಕ್ಕಿಯೊಳಗಿನ ಹುಳು, ಒಂದು ಕಂಡರೆ ಸಾಕು.

ಅದರ ಮುಂದಿನ ಭಾನುವಾರ ಗಾಡಿ ಒದೆಯುವುದನ್ನೂ ಬಿಟ್ಟಿತು. ಶಂಕರ್ ರೋಡಿನ ಏರಿನ ನಡುವೆ ಎರಡು ಸಲ ಒದೆದು, ಮೂರನೆಯದಕ್ಕೆ ನಿಂತೇಬಿಟ್ಟಿತು. ಡಿ ಹಾಕಿದರೆ ಎಂಜಿನ್ನು ಕೂಗುತ್ತದೆ, ಗಾಡಿ ಕದಲುವುದಿಲ್ಲ. ತಪ್ಪಲೆ ವಾಲಿ ಅರ್ಧ ಸಾರು ಸೀಟು ಕುಡಿಯಿತು. ಹಿಂದಿನಿಂದ ದಿಲ್ಲಿಯ ಹಾರನ್ನುಗಳು, ಕಟ್ಟೆಯ ಮೇಲೆ ಸಾಲಾಗಿ ಕೂತ ಮಂಗಗಳು. ಲೀಲಮ್ಮ ಫೋನು ಮಾಡಿದ ಮೇಲೆ ಇಂಚರಾ, ಗಗನ್ ಮತ್ತು ಇನ್ನೂ ನಾಲ್ಕು ಮಕ್ಕಳು ಓಡಿಬಂದು ಗಾಡಿಯನ್ನು ಪಕ್ಕಕ್ಕೆ ತಳ್ಳಿದರು.

ಗಗನ್ ಸೀಟು ನೋಡಿ, "ಲೀಲಮ್ಮಾ, ಇದನ್ನ ಹಿಂಡಿದ್ರೆ ಇನ್ನೂ ನಾಲ್ಕು ಜನಕ್ಕಾಗತ್ತೆ," ಎಂದ.

"ಹಿಂಡು. ಮೊದಲ ಪಾಲು ನಿಂದೇ," ಎಂದಳು ಲೀಲಮ್ಮ. ಎಂಜಿನ್ನು ಆರಿದ ಮೇಲೆ ಗಾಡಿ ಏನೂ ಆಗದ ಹಾಗೆ ಮನೆಗೆ ಹೊರಟಿತು.

ಸಂಜೆ ಹಂಸಿನಿ ಬಂದಳು. ಅಮ್ಮನ ಕೈಕಾಲು ನೋಡಿ, ಎಲ್ಲ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ಬೈಯಲು ಶುರು ಮಾಡಿದಳು.

"ಅಮ್ಮಾ, ಬಸ್, ಬಹುತ್ ಹೋ ಗಯಾ. ಇನ್ನು ಸಾಕು. ನಮ್ಮ ಆಫೀಸಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಗಾಡಿ ಕೇಳ್ತಿದ್ದಾರೆ. ಕೊಟ್ಟುಬಿಡೋಣ. ನೀನು ಕ್ಯಾಬಲ್ಲಿ ಹೋಗು."

"ಕ್ಯಾಬಿನವನು ಸಾರಿಗೆ ಮುಂದಿನ ಸೀಟು ಕೊಡ್ತಾನಾ?"

"ಜೋಕ್ ಮಾಡಬೇಡ. ಫ್ಲೈಓವರ್ ಮೇಲೆ ನಿಂತಿದ್ರೆ? ನನಗೆ ಅಪ್ಪನೂ ಇಲ್ಲ ಈಗ."

ಲೀಲಮ್ಮ ತಮಾಷೆ ಬಿಟ್ಟು ಹೇಳಿದಳು. "ಒಂದು ವಾರ ಕೊಡೇ. ಬರೋ ಭಾನುವಾರ ನೀನೇ ಬಂದು ಕೂತ್ಕೋ. ಶಂಕರ್ ರೋಡಲ್ಲಿ ಒಂದೇ ಒಂದು ಸಲ ಒದ್ದರೂ, ಅಲ್ಲೇ ಕೀ ನಿನ್ನ ಕೈಗೆ ಕೊಡ್ತೀನಿ. ನಿಮ್ಮಪ್ಪನಾಣೆ."

"ಪಕ್ಕಾ?"

"ಪಕ್ಕಾ."

ವಾರವೆಲ್ಲ ಲೀಲಮ್ಮ ಯೋಚಿಸಿದಳು. ತಾನು ಬಾಯಲ್ಲಿ ಹೇಳಿದರೆ ಸಂದೀಪ್ ನಂಬುವುದಿಲ್ಲ. ಅವನ ಕಂಪ್ಯೂಟರು ಹೇಳಿದ್ದನ್ನು ತಾನು ನಂಬುವುದಿಲ್ಲ. ಗೇರ್ ಬಾಕ್ಸಿನ ಒಳಗೆ ಏನಿದೆಯೋ ಅವಳಿಗೆ ಗೊತ್ತಿಲ್ಲ, ಗೊತ್ತಿದೆ ಎಂದು ನಟಿಸುವ ಚಪಲವೂ ಇಲ್ಲ. ಶುಕ್ರವಾರ ಕಾಳು ನೆನೆಹಾಕುತ್ತಿದ್ದಾಗ ಬೋಗುಣಿಯ ನೀರು ತುಳುಕಿ ಕೈ ಮೇಲೆ ಬಿತ್ತು. ಅಂಗೈ ಮೇಲೆ ಲೋಟ ಹಿಡಿದು ಕೂತ ಗೋಪಾಲಪ್ಪನವರು ಕಣ್ಣ ಮುಂದೆ ಬಂದರು.

ಶನಿವಾರ ಬೆಳಿಗ್ಗೆ ಅವಳು ಚಿಕ್ಕ ತಪ್ಪಲೆಯಲ್ಲಿ ಹುರುಳಿ ಬಸ್ಸಾರು ಮಾಡಿ, ಸುಡದ ಹಾಗೆ ಉಗುರುಬೆಚ್ಚಗೆ ಆರಿಸಿ, ಸೀದಾ ಗ್ಯಾರೇಜಿಗೆ ಹೋದಳು. ಸಂದೀಪ್ ಬೆಳ್ಳಂಬೆಳ್ಳಗೆ ನಿಂತಿದ್ದ.

"ಬೇಟಾ, ಬಾ. ನನ್ನ ಜೊತೆ ಒಂದು ಸುತ್ತು."

"ಆಂಟೀಜಿ, ಟೆಸ್ಟ್ ಡ್ರೈವ್ ಮಾಡಿದ್ದೆನಲ್ಲ."

"ಅದು ನಿನ್ನ ಟೆಸ್ಟು. ಇದು ನಂದು. ತೊಡೆ ಮೇಲೆ ಇದನ್ನ ಹಿಡ್ಕೋ." ಸಿಂಬೆ ಇಟ್ಟು, ಅದರ ಮೇಲೆ ತಪ್ಪಲೆ ಇಟ್ಟು, ಮುಚ್ಚಳ ತೆಗೆದಳು. "ಗಾಡಿ ಮಖ್ಖನ್ ಅಂದೆಯಲ್ಲ. ಮಖ್ಖನ್ ಆದರೆ ಇದು ಚೆಲ್ಲೋದಿಲ್ಲ."

ಗಾಜಿನ ರೂಮಿನಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಸಂದೀಪ್ ಇಲ್ಲ ಎನ್ನಲಾರದೆ ಕೂತ.

ವಿಕಾಸ್ ಮಾರ್ಗದ ಗದ್ದಲ ದಾಟಿತು, ಯಮುನೆಯ ಸೇತುವೆ ದಾಟಿತು. ಸಾರು ಅಲುಗಲಿಲ್ಲ. "ನೋಡಿದಿರಾ?" ಎಂದ ಸಂದೀಪ್. "ಇನ್ನೂ ಬಿಸಿಯಾಗಲಿ," ಎಂದಳು ಲೀಲಮ್ಮ. ಮಂಡಿ ಹೌಸ್ ಹತ್ತಿರ ಸಿಗ್ನಲ್ಲಿನಲ್ಲಿ ಅವನ ಮೂಗು ಅರಳಿತು. "ಇದು ಯಾವ ದಾಲ್?"

"ದಾಲ್ ಅಲ್ಲ, ಸಾರು."

"ವಾಸನೆ ಚೆನ್ನಾಗಿದೆ."

"ಹೊಗಳಿದರೆ ಬಿಡೋದಿಲ್ಲ. ನೆಟ್ಟಗೆ ಹಿಡ್ಕೋ."

ಶಂಕರ್ ರೋಡು ಬಂತು. ಏರು ಶುರುವಾಯಿತು. ಎಂಜಿನ್ನು ಊಳಿಟ್ಟಿತು, ಗಾಡಿ ಒಂದು ಕ್ಷಣ ತೇಲಿತು, ಧಡ್! ಬಸ್ಸಾರು ಎದ್ದು ನಿಂತು, ಸಂದೀಪನ ಬಿಳಿ ಅಂಗಿಯನ್ನು ಕತ್ತಿನಿಂದ ಹೊಟ್ಟೆಯವರೆಗೆ ಅಪ್ಪಿಕೊಂಡಿತು. ಒಂದು ಕಾಳು ಗಲ್ಲಕ್ಕೆ ಅಂಟಿತು.

"ಆಂಟೀಜಿ!" ಎಂದು ಕೂಗಿ, ಒರೆಸಿಕೊಂಡು, ಆದರೂ ಬಿಡಲಿಲ್ಲ ಅವನು. "ನಿಮ್ಮ ಕಾಲು! ನಾನು ಹೇಳಿರಲಿಲ್ಲವಾ, ನಿಮ್ಮ ಕಾಲು!"

"ನಮ್ಮ ಕಡೆ ಒಂದು ಮಾತಿದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಲೀಲಮ್ಮ ಅದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿ, ಗಾಡಿ ಪಕ್ಕಕ್ಕೆ ಹಾಕಿದಳು. "ಆಯ್ತು. ಗಾಡಿ ತಿರುಗಿಸಿ ಕೆಳಗೆ ಹೋಗಿ, ನೀನೇ ಹತ್ತಿಸು. ಅರ್ಧ ತಪ್ಪಲೆ ಇನ್ನೂ ಇದೆ. ನಾನು ಹಿಡ್ಕೊಂಡು ಕೂರ್ತೀನಿ."

ಸಂದೀಪ್ ಕೂತ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆಲ್ಲಗೆ, ಒಂದೇ ಕಾಲಿನಲ್ಲಿ, ಉಸಿರು ಹಿಡಿದು ಓಡಿಸಿದ. ಏರು ಬಂತು. ಊಳು, ತೇಲು, ಧಡ್! ಲೀಲಮ್ಮ ಸೆರಗನ್ನು ಮೊದಲೇ ಸೊಂಟಕ್ಕೆ ಸಿಕ್ಕಿಸಿ, ಮಡಿಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡಿದ್ದಳು. ತಪ್ಪಲೆಯನ್ನು ಡ್ರೈವರಿನ ಕಡೆಗೆ ಸ್ವಲ್ಪ ವಾಲಿಸಿಯೂ ಹಿಡಿದಿದ್ದಳೇನೋ, ಅದು ಅವಳಿಗೇ ಗೊತ್ತು. ಉಳಿದ ಸಾರು ಅವನ ಎಡತೋಳು, ಪ್ಯಾಂಟು, ಕಂಪ್ಯೂಟರ್ ಸ್ಲೇಟು ಎಲ್ಲಕ್ಕೂ ಹಂಚಿಕೆಯಾಯಿತು.

ಸಂದೀಪ್ ಗಾಡಿ ನಿಲ್ಲಿಸಿ ಎದುರಿನ ಗಾಜನ್ನೇ ನೋಡುತ್ತ ಕೂತ. ಆಮೇಲೆ ಒಂದೇ ಮಾತು ಹೇಳಿದ.

"ಅಚ್ಛಾ."

ಲೀಲಮ್ಮನಿಗೆ ಅಷ್ಟು ಸಾಕಿತ್ತು. ಇಷ್ಟು ದಿನ ಅಕ್ಕಿಯೊಳಗಿದ್ದ ಹುಳು ಆ ಒಂದು ಮಾತಿಗೆ ಹೊರಗೆ ಬಿತ್ತು. ತಪ್ಪು ಅವಳ ಕಾಲಿನದಲ್ಲ.

ಗಾಡಿ ಸ್ವಲ್ಪ ಆರುವವರೆಗೆ ಕಾದು, ಮೆಲ್ಲಗೆ ವಾಪಸ್ ಬಂದರು. ಸಂದೀಪ್ ಅಂಗಿ ಕೂಡ ಬದಲಾಯಿಸದೆ ತನ್ನ ಹಿರಿಯ ಮೆಕ್ಯಾನಿಕ್ಕನ್ನು ಕರೆದ. ಎಲ್ಲರೂ ಉಸ್ತಾದ್ ಎನ್ನುವ, ಬೆರಳ ಸಂದಿನಲ್ಲೆಲ್ಲ ಮಸಿಯಿರುವ ನಿಜವಾದ ಮೆಕ್ಯಾನಿಕ್ ಅವನು. ಲೀಲಮ್ಮ ಬೋರ್ಡನ್ನು ನೋಡಿದಳು, ಸಂದೀಪನನ್ನು ನೋಡಿದಳು, ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ ಒಂದು ಸ್ಟೂಲು ಎಳೆದುಕೊಂಡು ಕೂತಳು. ಯಾರೂ ತಡೆಯಲಿಲ್ಲ.

ಉಸ್ತಾದ್ ಗಾಡಿ ಎತ್ತಿ, ಗೇರ್ ಬಾಕ್ಸಿನ ತಳದ ತಟ್ಟೆ ಬಿಚ್ಚಿದ. ಒಳಗಿನ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದ. ಹತ್ತು ವರ್ಷ ಒಲೆ ಮೇಲಿದ್ದ ಬಾಣಲೆಯ ತಳದಂತೆ ಕರಿ ಗಟ್ಟಿಯಾಗಿ ಕೂತಿತ್ತು ಅದರಲ್ಲಿ.

"ಮಾಲೀಕರೇ, ಇದು ಗಾಡಿ ಹುಟ್ಟಿದಾಗಿನ ಫಿಲ್ಟರು. ಇದನ್ನ ಯಾರೂ ಮುಟ್ಟೇ ಇಲ್ಲ. ನಾನು ಊರಿಗೆ ಹೋಗಿದ್ದಾಗ ಯಾರೋ ಕೆಳಗಿನ ತಿರುಪು ಬಿಚ್ಚಿ ಎಣ್ಣೆ ಸುರಿಸಿ, ಡ್ರಮ್ಮಿನಲ್ಲಿದ್ದ ಬೇರೆ ಎಣ್ಣೆ ತುಂಬಿದ್ದಾರೆ. ಅದೂ ಪೂರ್ತಿ ಇಲ್ಲ."

"ಕಂಪ್ಯೂಟರಿನಲ್ಲಿ ಟಿಕ್ ಇತ್ತು ಆಂಟೀಜಿ," ಎಂದ ಸಂದೀಪ್. ಅವನ ಮುಖ ಸಾರಿನ ಬಣ್ಣಕ್ಕೇ ತಿರುಗಿತ್ತು. "ಟಿಕ್ ನೋಡಿ ನಿಮಗೆ ಹೇಳಿದೆ. ನಾನು ತೆಗೆದು ನೋಡಲಿಲ್ಲ."

ಬೈಯಬೇಕೆಂದು ಲೀಲಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅವನು ಹೀಗೆ ನೆಟ್ಟಗೆ ಒಪ್ಪಿಕೊಂಡದ್ದೇ, ಜೋಡಿಸಿದ್ದೆಲ್ಲ ಕಳಚಿಹೋಯಿತು. ತನ್ನದೂ ಒಂದು ತಪ್ಪಿತ್ತಲ್ಲ. ಹೊಸ ಸಾಮಾನು ಹಾಕಿಸಿದರೆ ಹಳೆಯದನ್ನು ಕೈಗೆ ಇಸ್ಕೋ ಎಂದು ಗೋಪಾಲಪ್ಪನವರು ಎಷ್ಟು ಸಲ ಹೇಳಿದ್ದರು. ಸೋಫಾ, ಕಾಫಿ ನೋಡಿ ಆವತ್ತು ಮರೆತೇಬಿಟ್ಟಿದ್ದಳು.

"ಆ ಹಳೇದನ್ನ ಪೇಪರಲ್ಲಿ ಸುತ್ತಿಕೊಡು," ಎಂದಳು. "ಈಗ ಸರಿ ಮಾಡು. ನಾನು ಇಲ್ಲೇ ಕೂತಿರ್ತೀನಿ."

ಗಾಡಿಯ ಜೊತೆ ಬಂದ ಪುಸ್ತಕ ತೆಗೆದು, ಯಾವ ಎಣ್ಣೆ ಬರೆದಿದೆಯೋ ಅದನ್ನೇ ತರಿಸಿದರು. ಹೊಸ ಫಿಲ್ಟರ್ ಕೂರಿಸಿದರು. ಎಂಜಿನ್ನು ಓಡುತ್ತಿರುವಾಗಲೇ, ಎಣ್ಣೆ ಬಿಸಿಯಾದ ಮೇಲೆ ಮಟ್ಟ ನೋಡಬೇಕು ಎಂದು ಉಸ್ತಾದ್ ಅವಳಿಗೆ ಕಡ್ಡಿ ತೋರಿಸಿ ಹೇಳಿಕೊಟ್ಟ. ಹಾಲಿನ ಮಟ್ಟವೂ ಕಾದ ಮೇಲೇ ಗೊತ್ತಾಗುವುದು ಎಂದುಕೊಂಡಳು ಲೀಲಮ್ಮ. ಒಳಗೆ ಇನ್ನೇನಾದರೂ ಸವೆದಿದೆಯೋ ಎಂದು ಕೇಳಿದ್ದಕ್ಕೆ, "ಬೇಗ ಬಂದಿರಿ ಮಾತಾಜಿ. ಇನ್ನೊಂದು ತಿಂಗಳಾಗಿದ್ದರೆ ಗೇರ್ ಬಾಕ್ಸೇ ಹೋಗುತ್ತಿತ್ತು," ಎಂದ ಉಸ್ತಾದ್.

ಸಂಜೆ ನಾಲ್ಕಕ್ಕೆ ಮತ್ತೆ ಶಂಕರ್ ರೋಡು. ಸಾರು ಖಾಲಿ, ಅದಕ್ಕೆ ಟೀ ಅಂಗಡಿಯಿಂದ ಅಂಚಿನವರೆಗೆ ತುಂಬಿಸಿದ ಗಾಜಿನ ಲೋಟ. ಸಂದೀಪ್ ತಾನಾಗಿಯೇ ಅದನ್ನು ಅಂಗೈ ಮೇಲೆ ಇಟ್ಟುಕೊಂಡ. ಎರಡು ಸಲ ಏರಿದರು. ಒಂದು ಸಲ ಎರಡು ಹನಿ ಬಿತ್ತು.

"ಅದು ಸ್ಪೀಡ್ ಬ್ರೇಕರ್!" ಎಂದು ಸಂದೀಪ್ ಕೂಗಿದ.

"ಗೊತ್ತು ಬಿಡಪ್ಪ, ಕುಡಿ ಈಗ," ಎಂದಳು ಲೀಲಮ್ಮ. ಅವನು ಟೀ ಕುಡಿದು, ಬೆಳಿಗ್ಗೆ ತುಟಿಗೆ ಹತ್ತಿದ್ದು ಇನ್ನೂ ನಾಲಗೆಯ ಮೇಲಿದೆ, ಆ ದಾಲ್ ಒಂದು ಡಬ್ಬಿ ಸಿಗಬಹುದಾ ಎಂದು ಕೇಳಿದ.

"ಸಾರು," ಎಂದಳು ಲೀಲಮ್ಮ.

"ಹಾಂ ಜಿ, ಸಾರು."

ಭಾನುವಾರ ಹನ್ನೊಂದಕ್ಕೆ ಹಂಸಿನಿ ಬಂದಳು. ಕೀ ಇಸಿದುಕೊಳ್ಳಲು ಬಂದವಳ ಮುಖ. ರೂಢಿಯಂತೆ ಮುಂದಿನ ಬಾಗಿಲು ತೆಗೆದು, ತಪ್ಪಲೆ ನೋಡಿ, ತಲೆ ಚಚ್ಚಿಕೊಂಡು ಹಿಂದೆ ಹೋಗಿ ಕೂತಳು. ಲೀಲಮ್ಮ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟಳು. ಅಂಚಿನವರೆಗೆ.

"ಇಷ್ಟೊಂದು ಯಾಕಮ್ಮಾ, ಚೆಲ್ಲತ್ತೆ."

"ಕುಡಿ, ಚಳಿ ಇದೆ."

ಗಾಡಿ ಹೊರಟಿತು. ಆಫೀಸಿನ ಯಾವುದೋ ಕರೆ ಬಂದು ಹಂಸಿನಿ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಲೋಟ ಹಿಡಿದು, ಅರ್ಧ ಇಂಗ್ಲಿಷ್ ಅರ್ಧ ಹಿಂದಿಯಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಲೀಲಮ್ಮ ಕನ್ನಡಿಯಲ್ಲಿ ಒಂದು ಸಲ ನೋಡಿ, ಮತ್ತೆ ರಸ್ತೆಗೆ ಕಣ್ಣಿಟ್ಟಳು. ರಿಡ್ಜಿನ ಮರಗಳು ಬಂದವು. ಏರು ಬಂತು. ಅವಳು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಳು. ಎಂಜಿನ್ನಿನ ದನಿ ಮೆಲ್ಲಗೆ ಏರಿತು, ಹಾಗೆಯೇ ಇಳಿಯಿತು. ಕಟ್ಟೆಯ ಮೇಲಿನ ಮಂಗಗಳು ಏನಾದರೂ ಆಗುತ್ತದೆಂದು ಕಾಯುತ್ತಿದ್ದವೋ ಏನೋ, ಏನೂ ಆಗಲಿಲ್ಲ.

ಕರೆ ಮುಗಿಸಿ, ಕೊನೆಯ ಗುಟುಕು ಕುಡಿದು ಹಂಸಿನಿ ತಲೆ ಎತ್ತಿದಳು.

"ಅಮ್ಮಾ, ಶಂಕರ್ ರೋಡ್ ಯಾವಾಗ ಬರತ್ತೆ?"

"ಹಿಂದೆ ಹೋಯ್ತಲ್ಲೇ."

ಹಂಸಿನಿ ಹಿಂದಿನ ಗಾಜಿನಲ್ಲಿ ನೋಡಿದಳು. ಲೋಟ ನೋಡಿದಳು. ತನ್ನ ತಿಳಿ ಹಳದಿ ಕುರ್ತಾ ನೋಡಿದಳು. ಒಂದು ಹನಿ ಇರಲಿಲ್ಲ. ಫೋನು ಎತ್ತಿಕೊಂಡು ಯಾರಿಗೋ, "ಸಾರಿ ಹಾಂ, ಅಮ್ಮ ಗಾಡಿ ಮಾರ್ತಾ ಇಲ್ಲ," ಎಂದು ಹಿಂದಿಯಲ್ಲಿ ಹೇಳಿದಳು. ಆಮೇಲೆ ಮುಂದಕ್ಕೆ ಬಾಗಿ, ಸೀಟುಗಳ ನಡುವಿನಿಂದ ಖಾಲಿ ಲೋಟ ಚಾಚಿದಳು. "ಇನ್ನೂ ಇದೆಯಾ? ಅಪ್ಪ ಇದ್ದಿದ್ರೆ ಏನಂತಿದ್ರು?"

"ಸ್ಟೇರಿಂಗು ಇಷ್ಟು ಬಿಗಿಯಾಗಿ ಹಿಡೀಬಾರದು ಅಂತಿದ್ರು."

ಗಲ್ಲಿಯ ಬಾಯಲ್ಲಿ ಇಪ್ಪತ್ತೆರಡು ಮಕ್ಕಳು ಡಬ್ಬಿ ಹಿಡಿದು ನಿಂತಿದ್ದರು. ಗಗನ್ ಚಮಚ ಬಡಿಯುತ್ತಿದ್ದ. ಲೀಲಮ್ಮ ಗಾಡಿಯನ್ನು ಪಿ ಗೆ ಹಾಕಿ, ಎಂಜಿನ್ನು ಆರಿಸಿ, ಮೊದಲು ಸಾರಿನ ಬೆಲ್ಟು ಬಿಚ್ಚಿದಳು, ಆಮೇಲೆ ತನ್ನದು.